ಇಂಗ್ಲೆಂಡಿನ ಹಳೇ ಪಬ್ಬಿಗೆ ಹೋಗಿ ರಿಯಲ್ ಏಲ್ ಕುಡಿಯುವುದು ಹೇಗೆ?

ಓದಲಿಕ್ಕೋ ಕೆಲಸಕ್ಕೋ ಇಂಗ್ಲೆಂಡಿಗೆ ಬಂದ ನಮ್ಮವರು ಪಬ್ಬಿಗೇನೋ ಹೋಗುತ್ತಾರೆ. ಆದರೆ ಹೆಚ್ಚಿನವರು ಹೆಸರು ಗೊತ್ತಿರುವ ಒಂದು ಲಾಗರ್ (ತಣ್ಣಗೆ ಕೊಡುವ ತಿಳಿ ಬಣ್ಣದ ಬಿಯರ್) ತಗೊಂಡು, ಕುಡಿದು, ಎದ್ದು ಬರುತ್ತಾರೆ. ಆ ಲಾಗರ್ ಬೆಂಗಳೂರಿನಲ್ಲೂ ಸಿಗುತ್ತದೆ, ದುಬೈ ಏರ್‌ಪೋರ್ಟಿನಲ್ಲೂ ಸಿಗುತ್ತದೆ. ಅದೇ ಕೌಂಟರಿನ ಮೇಲೆ ಉದ್ದನೆಯ ಹಿಡಿಕೆಗಳು ಸಾಲಾಗಿ ನಿಂತಿರುತ್ತವಲ್ಲ, ಅವುಗಳಿಂದ ಬರುವ ಬಿಯರ್ ಬೇರೆ ದೇಶಗಳಲ್ಲಿ ಸಿಗುವುದು ಬಹಳ ಅಪರೂಪ. ಅದೇ ರಿಯಲ್ ಏಲ್. ಇಷ್ಟು ದೂರ ಬಂದವರು ಅದನ್ನು ಒಂದು ಸಲವಾದರೂ ಒಳ್ಳೆಯ ಜಾಗದಲ್ಲಿ ಕುಡಿದು ನೋಡಬೇಕು ಅಂತ ನನಗೆ ತುಂಬಾ ಆಸೆ. ಕುಡಿಯದವರೂ ಓದಿ. ನಿಮಗೂ ಅಲ್ಲಿ ಜಾಗ ಇದೆ, ಅದನ್ನೂ ಹೇಳುತ್ತೇನೆ.

ಮೊದಲು, ಇದು ಏನು ಅಂತ ತಿಳ್ಕೊಳ್ಳಿ

ಸಾಮಾನ್ಯ ಬಿಯರ್ ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗುತ್ತದೆ. ಅದನ್ನು ಸೋಸಿ, ಸಾಮಾನ್ಯವಾಗಿ ಬಿಸಿ ಮಾಡಿ ಯೀಸ್ಟ್ ಸಾಯಿಸಿ, ಕೆಗ್ ಅನ್ನುವ ಮುಚ್ಚಿದ ಲೋಹದ ಡಬ್ಬಕ್ಕೆ ತುಂಬಿ ಕಳಿಸುತ್ತಾರೆ. ಪಬ್ಬಿನಲ್ಲಿ ಗ್ಯಾಸಿನ ಒತ್ತಡ ಕೊಟ್ಟು ನಲ್ಲಿಗೆ ತಳ್ಳುತ್ತಾರೆ. ರಿಯಲ್ ಏಲ್ ಹಾಗಲ್ಲ. ಅದು ಪೀಪಾಯಿಗೆ ಬರುವಾಗ ಯೀಸ್ಟ್ ಇನ್ನೂ ಬದುಕಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿಯೊಳಗೇ ಇನ್ನೊಂದು ಸುತ್ತು ಹುದುಗುತ್ತದೆ, ರುಚಿ ಪಕ್ವವಾಗುತ್ತದೆ, ಅದರಲ್ಲಿ ಇರುವಷ್ಟು ಗುಳ್ಳೆ ಅಲ್ಲೇ ಹುಟ್ಟಿದ್ದು. ಹೊರಗಿನ ಗ್ಯಾಸ್ ಸೇರಿಸುವುದಿಲ್ಲ. ಅಂದರೆ ಬಿಯರ್ ತಯಾರಿಕೆಯ ಕೊನೆಯ ಹಂತ ನಡೆಯುವುದು ಪಬ್ಬಿನಲ್ಲಿ, ಅದು ಪಬ್ಬಿನವರ ಕೈಯಲ್ಲಿ. ಈ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ನೆಲಮಾಳಿಗೆಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಪೀಪಾಯಿಯನ್ನು ಅಡ್ಡಲಾಗಿ ಮಲಗಿಸಿ, ಉರುಳದಂತೆ ಬೆಣೆ ಕೊಟ್ಟು, ಅಲುಗಿಸದೆ ಬಿಡುತ್ತಾರೆ. ಮೇಲಿನ ತೂತಿಗೆ ಮೆತ್ತನೆಯ ಮರದ ಒಂದು ಸಣ್ಣ ಗೂಟ ಬಡಿಯುತ್ತಾರೆ, ಅದಕ್ಕೆ ಸ್ಪೈಲ್ ಅನ್ನುತ್ತಾರೆ. ಮರದ ಸೂಕ್ಷ್ಮ ರಂಧ್ರಗಳಿಂದ ಹೆಚ್ಚಿನ ಗ್ಯಾಸ್ ಮೆಲ್ಲಗೆ ಹೊರಗೆ ಬರುತ್ತದೆ, ಗೂಟದ ತಲೆಯ ಮೇಲೆ ನೊರೆ ಉಕ್ಕುತ್ತಾ ಇರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಒರೆಸಿದ ಮೇಲೆ ನೊರೆ ಬರುವುದು ನಿಧಾನವಾಯಿತು ಅಂದರೆ ಬಿಯರ್ ಶಾಂತವಾಗುತ್ತಿದೆ ಅಂತ ಲೆಕ್ಕ. ಆಗ ಗಟ್ಟಿ ಮರದ ಗೂಟ ಹಾಕಿ, ಉಳಿದ ಗ್ಯಾಸ್ ಒಳಗೇ ಉಳಿಯುವಂತೆ ಮಾಡುತ್ತಾರೆ. ಯೀಸ್ಟೆಲ್ಲ ತಳಕ್ಕೆ ಇಳಿದು ಬಿಯರ್ ತಿಳಿಯಾಗಬೇಕು, ರುಚಿ ನೋಡಬೇಕು, ಆಮೇಲೆ ಮಾರಾಟ. ನೆಲಮಾಳಿಗೆಯ ತಾಪಮಾನ 11ರಿಂದ 13 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಒಮ್ಮೆ ಪೀಪಾಯಿ ತೆರೆದು ಮಾರಲು ಶುರು ಮಾಡಿದರೆ ಬಿಯರ್ ಹೊರಹೋದಷ್ಟೂ ಗಾಳಿ ಒಳಗೆ ಬರುತ್ತದೆ. ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು, ಆಮೇಲೆ ಸಪ್ಪೆಯಾಗುತ್ತದೆ, ಕೊನೆಗೆ ಹುಳಿ.

ಪಬ್ಬುಗಳಲ್ಲಿ ಸಾಮಾನ್ಯವಾಗಿ ಕಾಣುವ ಪೀಪಾಯಿಯ ಹೆಸರು ಫರ್ಕಿನ್, ಅದರಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಮೂರು ದಿನದಲ್ಲಿ 72 ಪೈಂಟ್ ಮಾರಲು ಆಗದ ಪಬ್ಬು ಆ ಬಿಯರನ್ನು ಚೆನ್ನಾಗಿ ಕೊಡಲಿಕ್ಕೂ ಆಗುವುದಿಲ್ಲ. ಇದೇ ನಿಮ್ಮ ಮೊದಲ ಪರೀಕ್ಷೆ.

ಪಬ್ಬು ಆರಿಸುವುದು

ಹತ್ತು ಪಂಪು (ಕೌಂಟರಿನ ಮೇಲಿನ ಆ ಉದ್ದ ಹಿಡಿಕೆಗಳು) ಇರುವ ಪಬ್ಬೇ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಹತ್ತು ಪಂಪು, ಮಂಗಳವಾರ ಸಂಜೆ ನಾಲ್ಕೇ ಜನ ಇದ್ದರೆ, ಆ ಪೀಪಾಯಿಗಳಲ್ಲಿ ಕೆಲವಾದರೂ ಬಹಳ ದಿನದಿಂದ ತೆರೆದೇ ಇವೆ ಅಂತ ಅನುಮಾನ ಪಡಬೇಕು. ಮೂರೇ ಪಂಪು ಇದ್ದು, ಊರಿನ ಜನ ದಿನವೂ ಬಂದು ಅದನ್ನೇ ಕುಡಿಯುವ ಪಬ್ಬಾದರೆ ಕಣ್ಣು ಮುಚ್ಚಿ ಹೋಗಿ.

ಹುಡುಕಲಿಕ್ಕೆ ಒಳ್ಳೆಯ ದಾರಿ ಕ್ಯಾಮ್ರಾ. 1971ರಲ್ಲಿ ನಾಲ್ವರು ಗೆಳೆಯರು ಶುರು ಮಾಡಿದ ಗ್ರಾಹಕರ ಸಂಘ ಇದು. ಆಗ ದೊಡ್ಡ ದೊಡ್ಡ ಬ್ರೂವರಿಗಳು ಪೀಪಾಯಿ ಬಿಯರ್ ನಿಲ್ಲಿಸಿ, ಸಾಗಿಸಲು ಸುಲಭವಾದ, ಕೆಡದ, ರುಚಿಯಿಲ್ಲದ ಕೆಗ್ ಬಿಯರನ್ನೇ ಎಲ್ಲ ಕಡೆ ತುಂಬುತ್ತಿದ್ದವು. ಕುಡಿಯುವವರೇ ಎದ್ದು ನಿಂತು ಬೇಡ ಅಂದಿದ್ದರಿಂದ ರಿಯಲ್ ಏಲ್ ಇವತ್ತಿಗೂ ಉಳಿದಿದೆ. ರಿಯಲ್ ಏಲ್ ಅನ್ನುವ ಹೆಸರೂ ಅವರದ್ದೇ. ಅವರ ಗುಡ್ ಬಿಯರ್ ಗೈಡ್ ಪ್ರತಿ ವರ್ಷ ಬರುತ್ತದೆ, ಅದರಲ್ಲಿರುವ ಪಬ್ಬುಗಳನ್ನು ಆಯಾ ಊರಿನ ಸದಸ್ಯರು ಕುಡಿದು ನೋಡಿಯೇ ಆರಿಸುತ್ತಾರೆ. ಅದಿಲ್ಲದಿದ್ದರೆ ಬಾಗಿಲ ಹತ್ತಿರ ಕ್ಯಾಸ್ಕ್ ಮಾರ್ಕ್ ಅನ್ನುವ ಫಲಕ ಇದೆಯಾ ನೋಡಿ. ಪರೀಕ್ಷಕರು ಹೇಳದೆ ಬಂದು ಬಿಯರಿನ ತಾಪಮಾನ, ನೋಟ, ವಾಸನೆ, ರುಚಿ ನೋಡಿ ಕೊಡುವ ಗುರುತು ಅದು.

ಲಂಡನ್ನಿನಲ್ಲಿ ಇರುವವರಿಗೆ ಎರಡು ಹೆಸರು ಹೇಳುತ್ತೇನೆ. ಲಂಡನ್ ಬ್ರಿಜ್ ಸ್ಟೇಷನ್ ಹತ್ತಿರ ಸದಕ್‌ನಲ್ಲಿರುವ ಜಾರ್ಜ್ ಇನ್. 1676ರ ಬೆಂಕಿಯಲ್ಲಿ ಸುಟ್ಟುಹೋಗಿ ಮರುವರ್ಷ ಮತ್ತೆ ಕಟ್ಟಿದ್ದು, ಕುದುರೆಗಾಡಿಗಳ ಕಾಲದ ಮರದ ಮೊಗಸಾಲೆ ಉಳಿಸಿಕೊಂಡಿರುವ ಲಂಡನ್ನಿನ ಕೊನೆಯ ಇನ್. ಕಟ್ಟಡ ಈಗ ನ್ಯಾಷನಲ್ ಟ್ರಸ್ಟಿನದು. ನೋಡಲಿಕ್ಕಾಗಿ ಅಲ್ಲಿಗೆ ಹೋಗಿ. ಬರೀ ಬಿಯರಿಗಾಗಿ ಅಂದರೆ ನಾನು ಚೇರಿಂಗ್ ಕ್ರಾಸ್ ಹತ್ತಿರದ ಹಾರ್ಪ್ ಹೇಳುತ್ತೇನೆ. ಉದ್ದಕ್ಕೆ, ಕಿರಿದಾಗಿ ಇದೆ, ಕೂರಲು ಜಾಗ ಸಿಗುವುದು ಕಷ್ಟ, ಆದರೆ ಕ್ಯಾಮ್ರಾ 2010ರಲ್ಲಿ ಇಡೀ ದೇಶದ ವರ್ಷದ ಪಬ್ಬು ಅಂತ ಆರಿಸಿದ ಜಾಗ ಅದು. ಉತ್ತರದ ಕಡೆ ಹೋದರೆ ಶೆಫೀಲ್ಡಿನ ಕೆಲಂ ಐಲ್ಯಾಂಡಿನಲ್ಲಿ ಫ್ಯಾಟ್ ಕ್ಯಾಟ್ ಬಿಡಬೇಡಿ. ನಾಟಿಂಗ್‌ಹ್ಯಾಮಿನಲ್ಲಿ ಕೋಟೆಯ ಬಂಡೆಗೆ ಅಂಟಿಕೊಂಡು ಟ್ರಿಪ್ ಟು ಜೆರುಸಲೇಂ ಇದೆ, ಹಿಂದಿನ ಕೋಣೆಗಳು ಮರಳುಕಲ್ಲು ಕೊರೆದು ಮಾಡಿದ ಗುಹೆಗಳು. ಗೋಡೆಯ ಮೇಲೆ 1189 ಅಂತ ಬರೆದುಕೊಂಡಿದ್ದಾರೆ. ಆ ಇಸವಿಗೆ ಗಟ್ಟಿ ದಾಖಲೆ ಇಲ್ಲ, ಈಗಿನ ಕಟ್ಟಡ ಅಷ್ಟು ಹಳೆಯದೂ ಅಲ್ಲ, ಗುಹೆಗಳು ಮಾತ್ರ ನೋಡಲೇಬೇಕು.

ಒಬ್ಬರೇ ಒಳಗೆ ಹೋಗಲು ಹಿಂಜರಿಕೆ ಇರುವವರು ಬರ್ಮಿಂಗ್‌ಹ್ಯಾಂ ಸುತ್ತಮುತ್ತ ಇದ್ದರೆ ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆಯ ದೇಸಿ ಪಬ್ಬುಗಳಿಂದ ಶುರು ಮಾಡಬಹುದು. ಹಳೇ ಇಂಗ್ಲಿಷ್ ಪಬ್ಬು, ನಡೆಸುವವರು ಹೆಚ್ಚಾಗಿ ಪಂಜಾಬಿಗಳು, ಪೈಂಟ್ ಜೊತೆ ಬಿಸಿ ಬಿಸಿ ಮಿಕ್ಸೆಡ್ ಗ್ರಿಲ್. ಇವು ಹುಟ್ಟಿದ್ದರ ಹಿಂದೆ ನೋವಿನ ಕಥೆ ಇದೆ. 1960ರ ದಶಕದಲ್ಲಿ ಸ್ಮೆದಿಕ್‌ನ ಪಬ್ಬುಗಳಲ್ಲಿ ಭಾರತೀಯರನ್ನೂ ಕಪ್ಪು ಜನರನ್ನೂ ಕೆಲವು ಕೋಣೆಗಳಿಗೆ ಬಿಡುತ್ತಿರಲಿಲ್ಲ. ಅಲ್ಲಿನ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ ಅವರ ಕರೆಯ ಮೇರೆಗೆ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಸ್ವತಃ ಸ್ಮೆದಿಕ್‌ಗೆ ಬಂದಿದ್ದರು. ಅದೇ ವರ್ಷ ಬಂದ ಕಾನೂನು ಪಬ್ಬಿನಂಥ ಕಡೆ ಬಣ್ಣ ನೋಡಿ ತಡೆಯುವುದನ್ನು ನಿಷೇಧಿಸಿತು. ಇವತ್ತು ನಾವು ಯಾವ ಪಬ್ಬಿನ ಬಾಗಿಲನ್ನಾದರೂ ಸುಮ್ನೆ ತಳ್ಳಿ ಒಳಗೆ ಹೋಗುತ್ತೇವಲ್ಲ, ಅದು ಆ ಕಾರ್ಖಾನೆ ಕೆಲಸಗಾರರು ಗಳಿಸಿಕೊಟ್ಟದ್ದು.

ಒಳಗೆ ಹೋದ ಮೇಲೆ

ಯಾರೂ ಬಂದು ನಿಮ್ಮನ್ನು ಕೂರಿಸುವುದಿಲ್ಲ. ಟೇಬಲ್ಲಿಗೆ ಬಂದು ಆರ್ಡರ್ ತಗೊಳ್ಳುವುದೂ ಇಲ್ಲ. ನೀವೇ ಕೌಂಟರಿಗೆ ಹೋಗಬೇಕು, ಕೇಳಬೇಕು, ಅಲ್ಲೇ ದುಡ್ಡು ಕೊಡಬೇಕು, ಗ್ಲಾಸು ನೀವೇ ಎತ್ತಿಕೊಂಡು ಬರಬೇಕು. ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ. 18 ತುಂಬಿರಬೇಕು, ಆದರೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುವ ಪದ್ಧತಿ ಇದೆ. ಬೇಜಾರು ಮಾಡಿಕೊಳ್ಳಬೇಡಿ, ವಿದ್ಯಾರ್ಥಿಗಳು ಪಾಸ್‌ಪೋರ್ಟೋ ಇಲ್ಲಿನ ಡ್ರೈವಿಂಗ್ ಲೈಸೆನ್ಸೋ ಇಟ್ಟುಕೊಂಡಿರಿ.

ಕೌಂಟರಿನ ಮುಂದೆ ಕ್ಯೂ ಕಾಣುವುದಿಲ್ಲ, ಆದರೆ ಇರುತ್ತದೆ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಅನ್ನುವುದನ್ನು ಒಳಗಿರುವವರೂ ನೆನಪಿಡುತ್ತಾರೆ, ಹೊರಗೆ ನಿಂತವರೂ ನೆನಪಿಡುತ್ತಾರೆ. ನಿಮ್ಮ ಸರದಿ ಅಲ್ಲದಾಗ ನಿಮ್ಮನ್ನೇ ಕೇಳಿದರೆ ಪಕ್ಕದವರನ್ನು ತೋರಿಸಿ, ಇವರು ನನಗಿಂತ ಮೊದಲು ಬಂದಿದ್ದಾರೆ ಅನ್ನಿ. ಇಷ್ಟು ಮಾಡಿದರೆ ಆ ಪಬ್ಬಿನಲ್ಲಿ ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಆಗಲೇ ಬಂದುಬಿಡುತ್ತದೆ. ನೋಟು ಬೀಸುವುದು, ಚಿಟಿಕೆ ಹೊಡೆಯುವುದು, ಬಾಸ್ ಅಂತ ಕೂಗುವುದು ಬೇಡವೇ ಬೇಡ. ಕಣ್ಣಿಗೆ ಬೀಳುವಂತೆ ನಿಂತು ಒಮ್ಮೆ ತಲೆಯಾಡಿಸಿದರೆ ಸಾಕು.

ಕಾಯುವಾಗ ಹಿಡಿಕೆಗಳ ಮೇಲಿರುವ ಬಿಲ್ಲೆಗಳನ್ನು ಓದಿ. ಬಿಯರಿನ ಹೆಸರು, ಬ್ರೂವರಿ, ಶೇಕಡಾ ಎಷ್ಟು ಆಲ್ಕೋಹಾಲ್ ಎಲ್ಲ ಅದರಲ್ಲೇ ಇರುತ್ತದೆ. ಬಿಲ್ಲೆ ಹಿಂದುಮುಂದಾಗಿ ತಿರುಗಿದ್ದರೆ ಆ ಬಿಯರ್ ಮುಗಿದಿದೆ, ಅಥವಾ ಇನ್ನೂ ತಿಳಿಯಾಗಿಲ್ಲ ಅಂತ ಅರ್ಥ.

ಏನು ಕೇಳಬೇಕು?

ಮೊದಲ ಸಲ ಹೋದವರಿಗೆ ನನ್ನ ಸಲಹೆ ಬಿಟರ್. ಹೆಸರು ಕೇಳಿ ಹಾಗಲಕಾಯಿ ಕಹಿ ಅಂತ ಹೆದರಬೇಡಿ. ತಾಮ್ರದ ಬಣ್ಣ, ಹುರಿದ ಧಾನ್ಯದ ಪರಿಮಳ, ಕೊನೆಯಲ್ಲಿ ಹಾಪ್ಸ್ ಅನ್ನುವ ಹೂವಿನ ಒಂದು ಹಿತವಾದ ಕಹಿ. ಆಲ್ಕೋಹಾಲ್ ಶೇ. 4ರ ಆಸುಪಾಸು, ಅಷ್ಟೇ. ಯಾರ್ಕ್‌ಶೈರಿನ ಟಿಮೋಥಿ ಟೇಲರ್ ಲ್ಯಾಂಡ್‌ಲಾರ್ಡ್, ಸಸೆಕ್ಸಿನ ಹಾರ್ವೀಸ್ ಬೆಸ್ಟ್ ಎಲ್ಲಾದರೂ ಕಂಡರೆ ಯೋಚನೆ ಮಾಡದೆ ಕೇಳಿ. ಕಹಿ ಇಷ್ಟವಿಲ್ಲದವರಿಗೆ ಮೈಲ್ಡ್ ಇದೆ, ಹೆಚ್ಚಾಗಿ ಕಪ್ಪು ಬಣ್ಣ, ಆಲ್ಕೋಹಾಲ್ ಇನ್ನೂ ಕಡಿಮೆ, ಸ್ವಲ್ಪ ಸಿಹಿ. ಲಾಗರ್ ಬಿಟ್ಟು ಬರುತ್ತಿರುವವರಿಗೆ ಗೋಲ್ಡನ್ ಏಲ್ ಸುಲಭವಾದ ಮೆಟ್ಟಿಲು. ಚಳಿಗಾಲದಲ್ಲಿ ಪೋರ್ಟರ್ ಅನ್ನುವ ಕಪ್ಪು ಬಿಯರ್ ಸಿಕ್ಕರೆ, ಫಿಲ್ಟರ್ ಕಾಫಿ ಇಷ್ಟಪಡುವ ನಮ್ಮ ಜನಕ್ಕೆ ಅದರ ಹುರಿದ ವಾಸನೆ ಹಿಡಿಸುತ್ತದೆ.

ಐಪಿಎ ಅನ್ನುವುದೂ ಎಲ್ಲ ಕಡೆ ಕಾಣುತ್ತದೆ. ಇಂಡಿಯಾ ಪೇಲ್ ಏಲ್. ಹದಿನೆಂಟನೇ ಶತಮಾನದ ಕೊನೆಯಿಂದ ಲಂಡನ್ನಿನ ಬೋ ಪ್ರದೇಶದ ಹಾಡ್ಜ್‌ಸನ್ ಬ್ರೂವರಿ, ಆಮೇಲೆ 1820ರ ದಶಕದಿಂದ ಬರ್ಟನ್ ಊರಿನ ಬ್ರೂವರಿಗಳು ಹಾಪ್ಸ್ ಜಾಸ್ತಿ ಹಾಕಿ ಹಡಗಿನಲ್ಲಿ ಕಲ್ಕತ್ತಾ, ಮದ್ರಾಸ್, ಬಾಂಬೆಗೆ ಕಳಿಸುತ್ತಿದ್ದ ಬಿಯರಿನ ವಂಶ ಇದು. ಆ ಕಡೆ ಕುಡಿಯುವವರು ಹೆಚ್ಚಾದ ಹಾಗೆ ದಕ್ಷಿಣ ಭಾರತದಲ್ಲೇ ಬ್ರೂವರಿಗಳು ಬಂದವು. ಅವುಗಳಲ್ಲಿ ಕೆಲವನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಅನ್ನುವ ಸ್ಕಾಟ್ಲೆಂಡಿನವನು ಒಟ್ಟುಗೂಡಿಸಿದ. ಅದೇ ನಮ್ಮ ಬೆಂಗಳೂರಿನ ಯುಬಿ (ಯುನೈಟೆಡ್ ಬ್ರೂವರೀಸ್).

ಯಾವುದು ಅಂತ ಗೊತ್ತಾಗದಿದ್ದರೆ ರುಚಿ ನೋಡಲು ಸ್ವಲ್ಪ ಕೊಡಿ ಅಂತ ಕೇಳಬಹುದು, ಸಣ್ಣ ಗ್ಲಾಸಿನಲ್ಲಿ ಒಂದು ಗುಟುಕು ಪುಕ್ಕಟೆ ಕೊಡುತ್ತಾರೆ. ಹಿಂದೆ ಜನ ಕಾಯುತ್ತಿರುವಾಗ ಒಂದೆರಡಕ್ಕಿಂತ ಹೆಚ್ಚು ಕೇಳಬೇಡಿ. ಇವತ್ತು ಯಾವುದು ಚೆನ್ನಾಗಿ ಹೋಗುತ್ತಿದೆ ಅಂತ ಕೇಳಿದರೆ ಇನ್ನೂ ಒಳ್ಳೆಯದು. ಜಾಸ್ತಿ ಹೋಗುತ್ತಿರುವ ಪೀಪಾಯಿಯೇ ತಾಜಾ ಪೀಪಾಯಿ.

ಪೈಂಟ್ ಅಂದರೆ 568 ಮಿಲಿ. ಅದು ಜಾಸ್ತಿ ಅನಿಸಿದರೆ ಹಾಫ್ ಕೇಳಿ. ನಮ್ಮ ಹೋಟೆಲಿನಲ್ಲಿ ಬೈಟು ಕಾಫಿ ಕೇಳುವಷ್ಟೇ ಸಹಜ, ಯಾರೂ ತಿರುಗಿ ನೋಡುವುದಿಲ್ಲ. ನಾಲ್ಕು ಬಗೆ ರುಚಿ ನೋಡಬೇಕು ಅಂತಿದ್ದರೆ ಹಾಫೇ ಸರಿ.

ಗ್ಲಾಸು ತುಂಬುವುದನ್ನು ನೋಡಿ

ಇಲ್ಲಿ ಮೊಬೈಲ್ ಜೇಬಿಗೆ ಹಾಕಿ ಒಂದು ನಿಮಿಷ ನೋಡಿ. ಬಾರಿನವರು ಗ್ಲಾಸನ್ನು ಬಾಗಿದ ನಳಿಗೆಯ ಕೆಳಗೆ ಹಿಡಿದು, ಹಿಡಿಕೆಯನ್ನು ತಮ್ಮ ಕಡೆಗೆ ನಿಧಾನವಾಗಿ, ಪೂರ್ತಿ ಎಳೆಯುತ್ತಾರೆ. ಬಿಯರ್ ಕೆಳಗಿನ ನೆಲಮಾಳಿಗೆಯಿಂದ ಕೈಬಲದಲ್ಲೇ ಮೇಲೆ ಬರುತ್ತದೆ. ಹಿಡಿಕೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಎಳೆತ. ಇಂಥ ಕೆಲವೇ ಎಳೆತದಲ್ಲಿ ಪೈಂಟ್ ತುಂಬುತ್ತದೆ. ಮೊದಲು ಗ್ಲಾಸೆಲ್ಲ ಮಬ್ಬು ಮಬ್ಬಾಗಿ, ಸಣ್ಣ ಗುಳ್ಳೆಗಳ ಮೋಡ ಸುತ್ತುತ್ತಿರುತ್ತದೆ. ಮೆಲ್ಲಗೆ ತಳದಿಂದ ತಿಳಿಯಾಗುತ್ತಾ ಬಂದು, ಕೊನೆಗೆ ಮೇಲೆ ಒಂದು ಪದರ ನೊರೆ ಮಾತ್ರ ಉಳಿಯುತ್ತದೆ. ಅಲ್ಲಿವರೆಗೆ ಬಾಯಿಗೆ ಇಡಬೇಡಿ.

ಉತ್ತರದಲ್ಲಿ, ಮುಖ್ಯವಾಗಿ ಯಾರ್ಕ್‌ಶೈರ್ ಕಡೆ, ನಳಿಗೆಯ ತುದಿಗೆ ಸ್ಪಾರ್ಕ್ಲರ್ ಅನ್ನುವ ಸಣ್ಣ ತೂತುಗಳ ಮುಚ್ಚಳ ಹಾಕುತ್ತಾರೆ. ಅದರಿಂದ ನೊರೆ ದಪ್ಪಗೆ, ಕೆನೆಯ ಹಾಗೆ ಬರುತ್ತದೆ. ದಕ್ಷಿಣದಲ್ಲಿ ಹೆಚ್ಚಾಗಿ ಅದಿಲ್ಲ, ನೊರೆ ತೆಳು. ಯಾವುದು ಸರಿ ಅಂತ ಎರಡೂ ಕಡೆಯವರು ಬಹಳ ಗಂಭೀರವಾಗಿ ವಾದ ಮಾಡುತ್ತಾರೆ. ಬಿಟರಿಗೆ ಉತ್ತರದವರ ದಪ್ಪ ನೊರೆಯೇ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. ಗ್ಲಾಸಿನಲ್ಲಿ ಪೈಂಟ್ ಅಳತೆಯ ಗೆರೆ ಇಲ್ಲದಿದ್ದು, ನೊರೆ ಜಾಗ ತಿಂದು ಬಿಯರ್ ಕಡಿಮೆ ಕಂಡರೆ, ಸ್ವಲ್ಪ ಟಾಪ್ ಅಪ್ ಮಾಡಿ ಪ್ಲೀಸ್ ಅಂತ ಕೇಳಿ. ತಪ್ಪು ತಿಳಿಯುವುದಿಲ್ಲ, ತುಂಬಿಸಿ ಕೊಡುತ್ತಾರೆ.

ಈಗ ಕುಡಿಯಿರಿ. ಮೊದಲ ಗುಟುಕಿಗೆ, ಅಯ್ಯೋ ಇದು ತಣ್ಣಗೇ ಇಲ್ವಲ್ಲ ಅನಿಸುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ಒಗ್ಗಿದ ನಾಲಿಗೆ ನಮ್ಮದು. ಆದರೆ ಇದು ಬೆಚ್ಚಗಿನ ಬಿಯರ್ ಅಲ್ಲ, ನೆಲಮಾಳಿಗೆಯ ತಂಪು. ಇದಕ್ಕಿಂತ ತಣ್ಣಗಾದರೆ ರುಚಿಯೂ ವಾಸನೆಯೂ ಮುದುಡಿಹೋಗುತ್ತವೆ. ಗುಳ್ಳೆ ಕಡಿಮೆ ಇರುವುದರಿಂದ ಹೊಟ್ಟೆಯೂ ಉಬ್ಬುವುದಿಲ್ಲ. ಅರ್ಧ ಗ್ಲಾಸ್ ಆಗುವವರೆಗೆ ತೀರ್ಪು ಕೊಡಬೇಡಿ. ಐಸ್ ಅಂತೂ ದಯವಿಟ್ಟು ಕೇಳಬೇಡಿ.

ಕೆಟ್ಟ ಬಿಯರ್ ಬಂದರೆ? ವಿನೆಗರ್ ವಾಸನೆ, ಹುಳಿ, ಪೂರ್ತಿ ಸತ್ತಂತೆ ಸಪ್ಪೆ, ಕದಡಿದ ನೀರಿನಂತೆ ಮಬ್ಬು, ಇವು ಗುರುತು. ಒಂದೆರಡು ಗುಟುಕಾದ ಕೂಡಲೇ ಕೌಂಟರಿಗೆ ತಗೊಂಡು ಹೋಗಿ, ಇದು ಸ್ವಲ್ಪ ಕೆಟ್ಟಿರಬಹುದು, ನೋಡ್ತೀರಾ ಅಂತ ಮೆಲ್ಲಗೆ ಹೇಳಿ. ಒಳ್ಳೆಯ ಪಬ್ಬಿನವರು ಮೂಸಿ ನೋಡಿ, ಮಾತಾಡದೆ ಬೇರೆ ಕೊಡುತ್ತಾರೆ. ಪೀಪಾಯಿಯ ತಳ ಬಂದಾಗ ಹೀಗಾಗುವುದು ಅವರಿಗೂ ಗೊತ್ತು. ನಮ್ಮವರು ಸಂಕೋಚಪಟ್ಟು ಅದನ್ನೇ ಕುಡಿದು, ರಿಯಲ್ ಏಲ್ ಅಂದರೆ ಹೀಗೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಸಸ್ಯಾಹಾರಿಗಳು ಇದನ್ನು ಓದಲೇಬೇಕು

ಪೀಪಾಯಿ ಬಿಯರನ್ನು ಬೇಗ ತಿಳಿಗೊಳಿಸಲು ಸಾಮಾನ್ಯವಾಗಿ ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಯೀಸ್ಟಿನ ಜೊತೆ ತಳಕ್ಕೆ ಇಳಿಯುತ್ತದೆ, ಗ್ಲಾಸಿಗೆ ಬರುವುದಾದರೂ ಅತ್ಯಲ್ಪ. ಆದರೂ ಮನೆಯಲ್ಲಿ ಕಟ್ಟುನಿಟ್ಟು ಇರುವವರಿಗೆ ಇದು ಗೊತ್ತಿರಲೇಬೇಕು, ಆಮೇಲೆ ಅವರವರ ತೀರ್ಮಾನ. ವೀಗನ್ ಅಥವಾ ಅನ್‌ಫೈನ್ಡ್ (ತಿಳಿಗೊಳಿಸಲು ಏನೂ ಹಾಕದ) ಏಲ್ ಇದೆಯಾ ಅಂತ ಕೇಳಿ, ಈಗ ಅಂಥವು ಬಹಳ ಬ್ರೂವರಿಗಳಲ್ಲಿ ಬರುತ್ತಿವೆ. ಅವು ಸ್ವಲ್ಪ ಮಬ್ಬಾಗಿಯೇ ಇರಬಹುದು, ಅದು ದೋಷವಲ್ಲ.

ತಿನ್ನಲಿಕ್ಕೆ ಕೌಂಟರಿನ ಹಿಂದೆ ನೇತಾಡುವ ಪೊಟ್ಟಣಗಳಲ್ಲಿ ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅಂತ ಇದ್ದರೆ ಅದು ಹುರಿದ ಹಂದಿಚರ್ಮ. ಉಪ್ಪಿನ ಆಲೂ ಚಿಪ್ಸ್ ಪೊಟ್ಟಣಕ್ಕೆ ಇಲ್ಲಿ ಕ್ರಿಸ್ಪ್ಸ್ ಅನ್ನಬೇಕು, ಚಿಪ್ಸ್ ಅಂದರೆ ಬಿಸಿ ಆಲೂ ತುಂಡುಗಳು ಬರುತ್ತವೆ. ಉತ್ತರದ ಕೆಲವು ಕಡೆ ಅವನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಕೊಳ್ಳಿ. ಚೀಸ್, ಬ್ರೆಡ್ಡು, ಈರುಳ್ಳಿ ಉಪ್ಪಿನಕಾಯಿ ಇರುವ ಪ್ಲೌಮನ್ಸ್ ಲಂಚ್ ಬಿಟರ್ ಜೊತೆ ಚೆನ್ನಾಗಿ ಹೊಂದುತ್ತದೆ. ಹ್ಯಾಮ್ (ಹಂದಿಮಾಂಸ) ಸೇರಿಸುವವರೂ ಇದ್ದಾರೆ, ಬೇಡ ಅಂತ ಮೊದಲೇ ಹೇಳಿ.

ರೌಂಡು, ಮಾತು, ಮನೆಗೆ ಹೊರಡುವುದು

ಆಫೀಸಿನವರ ಜೊತೆ ಹೋದರೆ ರೌಂಡ್ ಲೆಕ್ಕ ಇರುತ್ತದೆ. ಒಬ್ಬರು ಎದ್ದು ಎಲ್ಲರಿಗೂ ತರುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಅವರು ಬಿಲ್ ಹಂಚುವುದಿಲ್ಲ, ಸರದಿ ಹಂಚುತ್ತಾರೆ. ನಿಮ್ಮ ಗ್ಲಾಸಿನಲ್ಲಿ ಸ್ವಲ್ಪ ಉಳಿದಿರುವಾಗಲೇ ಎದ್ದು ಯಾರಿಗೆ ಏನು ಅಂತ ಕೇಳಿ. ನಾಲ್ಕು ಜನ ಅಂದರೆ ನಾಲ್ಕು ಪೈಂಟ್ ಕುಡಿಯಲೇಬೇಕು ಅಂತಿಲ್ಲ. ನನಗೆ ಒಂದೇ ಸಾಕು, ನನ್ನದು ನಾನೇ ತಗೋತೀನಿ ಅಂತ ಶುರುವಿನಲ್ಲೇ ಹೇಳಿದರೆ ಯಾರೂ ಒತ್ತಾಯ ಮಾಡುವುದಿಲ್ಲ. ಕುಡಿಯದವರು ಲೈಮ್ ಅಂಡ್ ಸೋಡಾ ಕೇಳಿ, ಬಹಳ ಅಗ್ಗ, ಯಾಕೆ ಕುಡಿಯಲ್ಲ ಅಂತ ಕೇಳುವವರೂ ಕಡಿಮೆ. ರೌಂಡಿನಲ್ಲಿ ನಿಮ್ಮ ಸೋಡಾನೂ ಸೇರುತ್ತದೆ, ನಿಮ್ಮ ಸರದಿಯೂ ಸೇರುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಬಹಳ ಖುಷಿಯಾದರೆ ದುಡ್ಡು ಕೊಡುವಾಗ, ಆ್ಯಂಡ್ ಒನ್ ಫಾರ್ ಯುವರ್ಸೆಲ್ಫ್ ಅನ್ನಿ. ಅವರು ತಮ್ಮದೊಂದು ಪಾನೀಯದ ದುಡ್ಡು ಸೇರಿಸಿಕೊಳ್ಳುತ್ತಾರೆ.

ಒಬ್ಬರೇ ಹೋಗಿ ಮಾತು ಬೇಕು ಅನಿಸಿದರೆ ಕೌಂಟರಿನ ಹತ್ತಿರವೇ ನಿಲ್ಲಿ. ಅಲ್ಲಿ ನಿಂತವರನ್ನು ಯಾರು ಬೇಕಾದರೂ ಮಾತಾಡಿಸಬಹುದು. ಟೇಬಲ್ಲಿನಲ್ಲಿ ಕೂತವರು ತಮ್ಮ ಪಾಡಿಗೆ ಇರಲು ಬಂದವರು. ಹವಾಮಾನ, ಪಕ್ಕದಲ್ಲಿ ಮಲಗಿರುವ ನಾಯಿ, ಕೈಯಲ್ಲಿರುವ ಬಿಯರ್, ಇವುಗಳಿಂದ ಶುರು ಮಾಡಿ. ಸಂಬಳ, ಮದುವೆ ಕೇಳಬೇಡಿ. ಗ್ಲಾಸ್ ಬಿಟ್ಟು ಹೊರಗೆ ಹೋಗಿಬರಬೇಕಾದರೆ ಅದರ ಬಾಯಿಗೆ ಬಿಯರ್ ಮ್ಯಾಟ್ (ಗ್ಲಾಸಿನ ಕೆಳಗೆ ಇಡುವ ರಟ್ಟು) ಮುಚ್ಚಿ ಹೋಗಿ, ವಾಪಸ್ ಬರುತ್ತೀರಿ ಅಂತ ಗೊತ್ತಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ ಅಂತ ಮೊದಲೇ ಕೇಳಿ, ರಾತ್ರಿಯಾದ ಮೇಲೆ ಬಹಳ ಕಡೆ ಬಿಡುವುದಿಲ್ಲ.

ಮುಚ್ಚುವ ಹೊತ್ತಿಗೆ ಗಂಟೆ ಬಾರಿಸಿ ಲಾಸ್ಟ್ ಆರ್ಡರ್ಸ್ ಅಂತ ಕೂಗುತ್ತಾರೆ. ಇನ್ನೊಂದು ಬೇಕಾದರೆ ಆಗಲೇ ಹೋಗಬೇಕು. ಎರಡನೇ ಗಂಟೆ ಆದ ಮೇಲೆ ಕೊಡುವುದಿಲ್ಲ, ಕೈಯಲ್ಲಿರುವುದನ್ನು ಮುಗಿಸಲು ಸುಮಾರು 20 ನಿಮಿಷ ಕೊಡುತ್ತಾರೆ. ಹೊರಡುವಾಗ ಖಾಲಿ ಗ್ಲಾಸನ್ನು ಕೌಂಟರಿಗೆ ಇಟ್ಟು, ಚಿಯರ್ಸ್ ಅಂತ ಹೇಳಿ ಹೊರಡಿ. ಕಾರು ತರಬೇಡಿ. ಇಂಗ್ಲೆಂಡಿನಲ್ಲಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ ಮಿತಿ ಇದೆ, ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ 50, ಆದರೆ ಎಷ್ಟು ಕುಡಿದರೆ ಅಷ್ಟಾಗುತ್ತದೆ ಅಂತ ಲೆಕ್ಕ ಹಾಕುವುದೇ ಅಪಾಯ. ಹಳ್ಳಿಯ ಪಬ್ಬಿಗೆ ಹೋಗುವುದಾದರೆ ಕೊನೆಯ ಬಸ್ಸಿನ ಹೊತ್ತು ಮೊದಲೇ ನೋಡಿಕೊಳ್ಳಿ. ಬಹಳ ಕಡೆ ಅದು ಪಬ್ಬು ಮುಚ್ಚುವುದಕ್ಕಿಂತ ಎಷ್ಟೋ ಮೊದಲೇ ಹೊರಟುಹೋಗುತ್ತದೆ, ಆಮೇಲೆ ಟ್ಯಾಕ್ಸಿಯೂ ಸುಲಭಕ್ಕೆ ಸಿಗುವುದಿಲ್ಲ.